ಗುರಿ ತಪ್ಪದ ಕೋವಿ ಬೇರೆ, ಕೈಕೊಡದ ಕೋವಿ ಬೇರೆ

ರೆಮಿಂಗ್ಟನ್ 700ಕ್ಕಿಂತ ಒಳ್ಳೆಯ ಬೇಟೆ ರೈಫಲ್ ಅಮೆರಿಕದಲ್ಲಿ ಹುಟ್ಟಲೇ ಇಲ್ಲ ಎನ್ನುವವರಿದ್ದಾರೆ. ಅದನ್ನು ಮನೆಯೊಳಗೆ ಇಟ್ಟುಕೊಳ್ಳಲೂ ಹೆದರುವವರಿದ್ದಾರೆ. ಇಬ್ಬರ ಮಾತೂ ಸುಳ್ಳಲ್ಲ. ಮೊದಲಿನವರ ತಲೆಯಲ್ಲಿರುವುದು ನಳಿಗೆ, ಎರಡನೆಯವರ ತಲೆಯಲ್ಲಿರುವುದು ಟ್ರಿಗರ್. ಬೋಲ್ಟ್ ಆಕ್ಷನ್ (ಬೋಲ್ಟ್ ಎಂಬ ಉಕ್ಕಿನ ದಂಡವನ್ನು ಕೈಯಲ್ಲಿ ಹಿಂದೆ ಮುಂದೆ ಸರಿಸಿ ತೋಟಾ ತುಂಬುವ) ಬೇಟೆ ಕೋವಿಗಳ ಬಗ್ಗೆ ನಡೆಯುವ ವಾದವೆಲ್ಲ ಬಹುಪಾಲು ಹೀಗೇ: ಒಬ್ಬರು ಗುರಿಯ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಭರವಸೆಯ ಮಾತಾಡುತ್ತಿರುತ್ತಾರೆ. ಆದ್ದರಿಂದ ರೆಮಿಂಗ್ಟನ್ 700, ವಿಂಚೆಸ್ಟರ್ 70, ಟಿಕ್ಕಾ ಟಿ3ಎಕ್ಸ್, ಸ್ಯಾವೇಜ್ 110, ರೂಗರ್ ಅಮೆರಿಕನ್ ಈ ಐದನ್ನು ಭಾಗ ಭಾಗವಾಗಿ ಬಿಚ್ಚಿ ನೋಡುವುದೇ ಸರಿ.

ಗುರಿಯ ವಿಚಾರ ಬೇಗ ಮುಗಿಯುತ್ತದೆ. ಇವತ್ತು ಕಡಿಮೆ ಬೆಲೆಯ ರೂಗರ್ ಕೂಡ 100 ಗಜದಲ್ಲಿ ಒಂದೂವರೆ ಅಂಗುಲದೊಳಗೆ ಮೂರು ಈಡು ಕೂರಿಸುವುದು ಮಾಮೂಲು. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಅಂಗುಲ ಅಗಲ. 100 ಗಜದಲ್ಲಿ 2 ಅಂಗುಲ ಚದುರುವ ಕೋವಿ 200 ಗಜದಲ್ಲಿ 4 ಅಂಗುಲ ಚದುರುತ್ತದೆ. ಬೇಟೆಗೆ ಅಷ್ಟು ಧಾರಾಳ ಸಾಕು. ಒಂದು ಎಚ್ಚರಿಕೆ ಮಾತ್ರ. ಫೋಟೋದಲ್ಲಿ ಮೆರೆಸುವ ಮೂರು ಈಡಿನ ಗುಂಪನ್ನು ಪೂರ್ತಿ ನಂಬಬೇಡಿ. ಅದೇ ಕೋವಿ, ಅದೇ ತೋಟಾ, ಮೂರು ಈಡಿನ ಗುಂಪು ಸರಾಸರಿ 1 ಅಂಗುಲ ಬರುತ್ತಿದ್ದರೆ ಐದು ಈಡಿನದು ಸುಮಾರು 1.27 ಅಂಗುಲ, ಹತ್ತು ಈಡಿನದು ಸುಮಾರು 1.58 ಅಂಗುಲ ಬರುತ್ತದೆ. ಕೋವಿ ಕೆಟ್ಟಿದ್ದರಿಂದ ಹೀಗಾಗುವುದಿಲ್ಲ, ಇದು ಬರೀ ಲೆಕ್ಕ. "ನನ್ನದು ಅರ್ಧ ಅಂಗುಲದ ಕೋವಿ" ಎನ್ನುವವರಿಗೆ ಹತ್ತು ತೋಟಾ ಕೊಟ್ಟು ನೋಡಿ.

ಈಗ ರೆಮಿಂಗ್ಟನ್. 1962ರಲ್ಲಿ ಬಂದ ಈ ಕೋವಿಯ ರಿಸೀವರ್ (ಬೋಲ್ಟ್ ಓಡಾಡುವ ಮೈ) ದುಂಡನೆಯ ಉಕ್ಕಿನ ಸರಳಿನಿಂದ ಕಡೆದದ್ದು. ದುಂಡಗಿರುವುದರಿಂದ ಲೇತ್‌ನಲ್ಲಿ ನೇರವಾಗಿ ಬರುತ್ತದೆ, ಕೈಯಲ್ಲಿ ಹಿಡಿದು ಭುಜಕ್ಕೆ ಕೊಡುವ ಸ್ಟಾಕಿನಲ್ಲೂ ಚೆನ್ನಾಗಿ ಕೂರುತ್ತದೆ. ತೋಟಾದ ಬುಡವನ್ನು ಬೋಲ್ಟಿನ ಅಂಚು, ನಳಿಗೆ, ರಿಸೀವರ್ ಮೂರೂ ಸುತ್ತುವರಿಯುತ್ತವೆ. ಬುಡ ಸೀಳಿದರೂ ಹೊಡೆಯುವವನ ಮುಖ ಉಳಿಯುವ ಸಾಧ್ಯತೆ ಹೆಚ್ಚು. ಅಮೆರಿಕದ ಮರೀನ್ ಪಡೆ 1966ರಲ್ಲಿ ಎಂ40 ಸ್ನೈಪರ್ ರೈಫಲನ್ನೂ, ಸೇನೆ 1988ರಲ್ಲಿ ಎಂ24 ಅನ್ನೂ ಇದೇ ಆಕ್ಷನ್ (ರಿಸೀವರ್, ಬೋಲ್ಟ್‌ಗಳ ಜೋಡಿ) ಮೇಲೆ ಕಟ್ಟಿಸಿಕೊಂಡದ್ದು ಸುಮ್ಮನೆ ಅಲ್ಲ.

ತಕರಾರು ಇರುವುದು ವಾಕರ್ ಟ್ರಿಗರ್ ಮೇಲೆ. ಸಾಮಾನ್ಯ ಟ್ರಿಗರ್‌ನಲ್ಲಿ ಸಿಯರ್ (ತೋಟಾಕ್ಕೆ ಬಡಿಯುವ ಫೈರಿಂಗ್ ಪಿನ್ನನ್ನು ತಡೆದು ಹಿಡಿದಿರುವ ತುಂಡು) ನೇರವಾಗಿ ಟ್ರಿಗರ್ ತುಂಡಿನ ಮೇಲೆ ಕೂತಿರುತ್ತದೆ. ರೆಮಿಂಗ್ಟನ್‌ನ ಎಂಜಿನಿಯರ್ ಮೈಕ್ ವಾಕರ್ ಈ ಎರಡರ ನಡುವೆ ಕನೆಕ್ಟರ್ ಎಂಬ ತೆಳು ಉಕ್ಕಿನ ತುಂಡೊಂದನ್ನು ಇಟ್ಟರು. ಅದನ್ನು ಟ್ರಿಗರ್‌ಗೆ ಒತ್ತಿ ಹಿಡಿದಿರುವುದು ಒಂದು ಸ್ಪ್ರಿಂಗ್ ಮಾತ್ರ. ಪ್ರತಿ ಈಡಿಗೂ ಕನೆಕ್ಟರ್ ಮುಂದಕ್ಕೆ ಜಿಗಿದು ಮತ್ತೆ ಹಿಂದೆ ಬರುತ್ತದೆ. ಬೆರಳಿಗೆ ಬೆಣ್ಣೆಯಂಥ ಎಳೆತ ಸಿಗುವುದು ಇದರಿಂದಲೇ. ಆದರೆ ಜಿಗಿದಾಗ ಬಿಡುವ ಸಂದಿನಲ್ಲಿ ಕಸ, ತುಕ್ಕಿನ ಪುಡಿ, ಗಟ್ಟಿಯಾದ ಎಣ್ಣೆ, ಹೆಪ್ಪುಗಟ್ಟಿದ ನೀರು ಕೂತರೆ ಕನೆಕ್ಟರ್ ತನ್ನ ಜಾಗಕ್ಕೆ ಪೂರ್ತಿ ಮರಳುವುದಿಲ್ಲ. ಸಿಯರ್‌ಗೂ ಅದಕ್ಕೂ ಇರುವ ಹಿಡಿತವೇ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ಸ್ವಲ್ಪ ಕಡಿಮೆಯಾದರೂ ಸೇಫ್ಟಿ ತೆಗೆದ ಕೂಡಲೇ, ಇಲ್ಲವೇ ಬೋಲ್ಟ್ ಮುಚ್ಚಿದ ಕೂಡಲೇ, ಬೆರಳು ತಾಗದೆ ಕೋವಿ ಈಡಾಗುತ್ತದೆ. 1982ಕ್ಕೆ ಮೊದಲಿನ ಕೋವಿಗಳಲ್ಲಿ ಇನ್ನೊಂದು ತೊಡಕು: ಸೇಫ್ಟಿ ಹಾಕಿದ್ದರೆ ಬೋಲ್ಟ್ ತೆರೆಯುವುದೇ ಇಲ್ಲ. ತೋಟಾ ಇಳಿಸಬೇಕಾದರೆ ಸೇಫ್ಟಿ ತೆಗೆಯಲೇಬೇಕು. 2000ದಲ್ಲಿ ಮೊಂಟಾನಾದಲ್ಲಿ ಒಂಬತ್ತು ವರ್ಷದ ಹುಡುಗ ಸತ್ತದ್ದು ಹೀಗೆ ತೋಟಾ ಇಳಿಸಲು ಸೇಫ್ಟಿ ತೆಗೆದಾಗ ಹಾರಿದ ಗುಂಡಿಗೆ.

ಕಂಪನಿಯ ವಾದ ಮೊದಲಿನಿಂದಲೂ ಒಂದೇ ಆಗಿತ್ತು: ಕೋವಿಯಲ್ಲಿ ದೋಷವಿಲ್ಲ, ಶುಚಿ ಮಾಡದೆ ಇಟ್ಟವರದು ಮತ್ತು ಟ್ರಿಗರ್ ತಿರುಚಿದವರದು ತಪ್ಪು. ತಿರುಚಿದವರು ಇದ್ದದ್ದು ನಿಜ. ಆದರೆ ಮಳೆ, ಕೆಸರು, ಹಿಮದಲ್ಲಿ ಓಡಾಡಲೆಂದೇ ಮಾಡಿದ ಕೋವಿ ಕೊಳೆಯಾದರೆ ತಾನೇ ಈಡಾಗುತ್ತದೆ ಎಂದರೆ ಅದನ್ನು ಬಳಸುವವರ ತಪ್ಪು ಎನ್ನುವುದು ಹೇಗೆ? ಈ ಟ್ರಿಗರ್ 700ಕ್ಕೂ ಮೊದಲಿನ ರೆಮಿಂಗ್ಟನ್‌ಗಳಲ್ಲೇ ಇತ್ತು; ಇನ್ನೂ ಸುರಕ್ಷಿತವಾದ ವಿನ್ಯಾಸವನ್ನು ವಾಕರ್ ಅವರೇ 1948ರಲ್ಲಿ ಸೂಚಿಸಿದ್ದರು. ಕೋವಿಯೊಂದಕ್ಕೆ ಐದೂವರೆ ಸೆಂಟು ಹೆಚ್ಚಿಗೆ ತಗಲುತ್ತಿತ್ತು. ಕೊನೆಗೆ 2006ರಲ್ಲಿ ಕನೆಕ್ಟರ್ ಇಲ್ಲದ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಬಂತು. ಅದನ್ನೂ 2014ರ ಏಪ್ರಿಲ್‌ನಲ್ಲಿ ವಾಪಸು ಕರೆಸಬೇಕಾಯಿತು, ಜೋಡಿಸುವಾಗ ಅಂಟು ಜಾಸ್ತಿ ಬಿದ್ದಿತ್ತೆಂದು. ಈ ಟ್ರಿಗರ್‌ಗಳ ಮೊಕದ್ದಮೆ ಮುಗಿಸಿದ ನ್ಯಾಯಾಲಯದ ಒಪ್ಪಂದದಲ್ಲಿ ಉಚಿತವಾಗಿ ಟ್ರಿಗರ್ ಬದಲಿಸಿಕೊಡುತ್ತಿದ್ದ ಗಡುವೂ 2020ರಲ್ಲೇ ಮುಗಿದಿದೆ.

ಹಾಗಾಗಿ ಹಳೆಯ 700 ಕೊಳ್ಳುವವರು ಹೊಸ ಟ್ರಿಗರ್‌ನ ಬೆಲೆಯನ್ನೂ ಸೇರಿಸಿಯೇ ಚೌಕಾಸಿ ಮಾಡಬೇಕು. ಕೆಲಸ ಕಷ್ಟದ್ದಲ್ಲ. ಸ್ಟಾಕ್ ಬಿಚ್ಚಿ, ಎರಡು ಅಡ್ಡ ಪಿನ್ನು ತಟ್ಟಿ ತೆಗೆದರೆ ಟ್ರಿಗರ್ ಪೆಟ್ಟಿಗೆ ಕೈಗೆ ಬರುತ್ತದೆ. ಬೋಲ್ಟ್ ಹಿಂದಕ್ಕೆ ಕಳಚಿ ಬರದಂತೆ ತಡೆಯುವ ಬೋಲ್ಟ್ ಸ್ಟಾಪ್‌ನ ಸಣ್ಣ ಸ್ಪ್ರಿಂಗ್ ಹಾರಿಹೋಗದಂತೆ ಹೆಬ್ಬೆರಳು ಇಟ್ಟಿರಿ. ಅದನ್ನು ಹುಡುಕುತ್ತ ಶೆಡ್ಡಿನ ನೆಲ ಗುಡಿಸಿದವರು ಬಹಳ. ಉಳಿದಂತೆ ಬೋಲ್ಟಿನ ಹಿಡಿಯನ್ನು ಬೆಸುಗೆಯಲ್ಲಿ ಅಂಟಿಸಿದ್ದು ಅಪರೂಪಕ್ಕೆ ಕಿತ್ತು ಬರುತ್ತದೆ. ಎಕ್ಸ್‌ಟ್ರಾಕ್ಟರ್ (ಈಡಾದ ತೋಟಾವನ್ನು ಹೊರಗೆಳೆಯುವ ಕೊಕ್ಕೆ) ತೆಳು ತಗಡಿನ ಬಳೆ, ನೋಡಲು ಬಡಕಲು. ಆದರೂ ಅದು ಮುರಿದ ದೂರು ಅದರ ರೂಪಕ್ಕೆ ಹೋಲಿಸಿದರೆ ಕಡಿಮೆಯೇ.

ವಿಂಚೆಸ್ಟರ್ 70ರ ಅಭಿಮಾನಿಗಳು ಬೇರೆಯೇ ಮತದವರು. 1936ರ ಈ ಕೋವಿ ಜರ್ಮನಿಯ ಮೌಸರ್ 98ರ ದಾರಿ ಹಿಡಿದದ್ದು: ಬೋಲ್ಟಿನ ಬದಿಗೆ ಉದ್ದನೆಯ ಕೊಕ್ಕೆ. ಮ್ಯಾಗಜಿನ್‌ನಿಂದ ಮೇಲೇಳುವಾಗಲೇ ತೋಟಾದ ಬುಡ ಕೊಕ್ಕೆಯೊಳಗೆ ಜಾರಿಕೊಳ್ಳುತ್ತದೆ. ಕೋವಿ ತಲೆಕೆಳಗಾಗಿದ್ದರೂ, ಅರ್ಧಕ್ಕೆ ಕೈ ನಿಂತರೂ ತೋಟಾ ಬೋಲ್ಟಿನ ಹಿಡಿತದಲ್ಲೇ ಇರುತ್ತದೆ. ರೆಮಿಂಗ್ಟನ್, ಸ್ಯಾವೇಜ್ ಮಾದರಿಯಲ್ಲಿ ಬೋಲ್ಟು ತೋಟಾವನ್ನು ಬರೀ ತಳ್ಳುತ್ತದೆ. ಕೊಕ್ಕೆ ಕಚ್ಚುವುದು ಬೋಲ್ಟ್ ಪೂರ್ತಿ ಮುಚ್ಚುವಾಗ. ಗಾಬರಿಯಲ್ಲಿ ಮುಕ್ಕಾಲು ತಳ್ಳಿ ಹಿಂದೆ ಎಳೆದರೆ ಮೊದಲನೆಯದು ನಳಿಗೆಯ ಹಿಂತುದಿಯ ಗೂಡಾದ ಚೇಂಬರ್‌ನಲ್ಲೇ ಉಳಿದು, ಎರಡನೆಯದು ಅದರ ಬೆನ್ನಿಗೆ ಗುದ್ದಿ ಸಿಕ್ಕಿಕೊಳ್ಳುತ್ತದೆ. ಜಿಂಕೆಯ ಮುಂದೆ ಇದು ಮುಜುಗರ, ಅಲಾಸ್ಕಾದ ಕಂದು ಕರಡಿಯ ಮುಂದೆ ಪ್ರಾಣಕ್ಕೆ ಕುತ್ತು. ಆಫ್ರಿಕಾದ ಕಾಡೆಮ್ಮೆ ಬೇಟೆಯ ಮಾರ್ಗದರ್ಶಕರು ಮೌಸರ್ ಕೊಕ್ಕೆಯನ್ನೇ ಕೇಳುವುದು ಇದಕ್ಕೆ. ಸೇಫ್ಟಿಯೂ ಇಲ್ಲಿ ಬೇರೆ: ಟ್ರಿಗರ್ ತಡೆಯುವ ಬದಲು ಫೈರಿಂಗ್ ಪಿನ್ನನ್ನೇ ಹಿಡಿದಿಡುತ್ತದೆ. ನಡುವಿನ ಸ್ಥಾನದಲ್ಲಿಟ್ಟರೆ ಸೇಫ್ಟಿ ಇದ್ದಂತೆಯೇ ಬೋಲ್ಟ್ ತೆರೆದು ತೋಟಾ ಇಳಿಸಬಹುದು.

1964ರಲ್ಲಿ ಖರ್ಚು ಉಳಿಸಲು ಕೊಕ್ಕೆ ತೆಗೆದು ತಳ್ಳುವ ಮಾದರಿ ಮಾಡಿದರು, ಸ್ಟಾಕಿನ ಕೆತ್ತನೆಯ ಜಾಗದಲ್ಲಿ ಅಚ್ಚು ಒತ್ತಿದರು. ಅಂದಿನಿಂದ "1964ಕ್ಕೆ ಮೊದಲಿನದು" ಎಂಬುದೇ ಒಂದು ಬೆಲೆಪಟ್ಟಿಯಾಯಿತು. ಇದರಲ್ಲಿ ಅರ್ಧ ಭಾವುಕತೆ. ನಂತರದ ಕೋವಿಯ ಬೋಲ್ಟ್ ತೋಟಾದ ಬುಡವನ್ನು ಹೆಚ್ಚು ಚೆನ್ನಾಗಿ ಸುತ್ತುವರಿಯುತ್ತದೆ, ಬುಡ ಸೀಳಿದಾಗ ಅದೇ ವಾಸಿ. ಜನ ಸಿಟ್ಟಾದದ್ದು ಮುಖ್ಯವಾಗಿ ಅದರ ಮುಖ ನೋಡಿ. 1992ರಲ್ಲಿ ಕೊಕ್ಕೆ ಮರಳಿ ಬಂತು. 2006ರಲ್ಲಿ ನ್ಯೂ ಹೇವನ್ ಕಾರ್ಖಾನೆ ಮುಚ್ಚಿತು. ಈಗಿನವು ಪೋರ್ಚುಗಲ್‌ನಲ್ಲಿ ಜೋಡಣೆಯಾಗುತ್ತವೆ, ಕೆಲಸ ಅಚ್ಚುಕಟ್ಟು. ಅಜ್ಜನ ಕಾಲದ್ದೇ ಬೇಕೆಂದು ಎರಡರಷ್ಟು ಹಣ ಸುರಿಯುವುದು ಸಂಗ್ರಹಕಾರರಿಗೆ ಸರಿ, ಬೇಟೆಗೆ ಹೋಗುವವರಿಗೆ ದಂಡ.

ಫಿನ್ಲೆಂಡಿನ ರೀಹಿಮಾಕಿಯಲ್ಲಿ ಸಾಕೊ ಕಾರ್ಖಾನೆಯಿಂದ ಬರುವ ಟಿಕ್ಕಾದ ಬೋಲ್ಟ್ ಗಾಜಿನ ಮೇಲೆ ಗಾಜು ಜಾರಿದಂತೆ ಓಡುತ್ತದೆ. 70 ಡಿಗ್ರಿ ಎತ್ತಿದರೆ ಸಾಕು, ಸ್ಕೋಪಿಗೆ ಕೈ ತಾಗುವುದಿಲ್ಲ. ಮೂರು ಈಡು 1 ಅಂಗುಲದೊಳಗೆ ಎಂಬ ಕಂಪನಿಯ ಮಾತು ಸಾಮಾನ್ಯವಾಗಿ ನಿಲ್ಲುತ್ತದೆ. ಬೈಯುವವರು ಬೈಯುವುದು ಪ್ಲಾಸ್ಟಿಕ್ಕಿಗೆ: ಮ್ಯಾಗಜಿನ್, ಟ್ರಿಗರ್ ಗಾರ್ಡ್ ಎರಡೂ ಪ್ಲಾಸ್ಟಿಕ್, ಹೆಚ್ಚುವರಿ ಮ್ಯಾಗಜಿನ್ ದುಬಾರಿ. ಆ ಮ್ಯಾಗಜಿನ್ ಚಳಿಗೆ ಒಡೆಯುತ್ತದೆ ಎಂಬ ಭಯ ಮಾತ್ರ ಫಿನ್ಲೆಂಡಿನವರ ಮುಂದೆ ಹೇಳುವಂಥದ್ದಲ್ಲ. ನಿಜವಾದ ಕೊರತೆ ಎರಡು. ಮ್ಯಾಗಜಿನ್ ಒಳಗಿರುವಾಗ ಅದಕ್ಕೆ ಮೇಲಿನಿಂದ ತೋಟಾ ತುಂಬುವುದು ಕಷ್ಟ; ಮ್ಯಾಗಜಿನ್ ಕಳೆದರೆ ಬೇಟೆ ಹೆಚ್ಚುಕಡಿಮೆ ಮುಗಿದಂತೆ. ಇನ್ನೊಂದು ತೂಕ: ಸುಮಾರು 3 ಕಿಲೋದ ಕೋವಿಯಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್ ಎಂಬ ಬಲವಾದ ತೋಟಾ ಹೊಡೆದರೆ ಭುಜ ಮೂರು ದಿನ ನೆನಪಿಡುತ್ತದೆ. ಹಳೆಯ ಟಿ3ಯ ಅಲ್ಯೂಮಿನಿಯಂ ರಿಕಾಯ್ಲ್ ಲಗ್ (ಈಡಿನ ಒದೆತವನ್ನು ಸ್ಟಾಕಿಗೆ ದಾಟಿಸುವ ತುಂಡು) ಇಂಥ ತೋಟಾಗಳಿಗೆ ಜಜ್ಜಿಹೋಗುತ್ತಿತ್ತು; 2016ರ ಟಿ3ಎಕ್ಸ್‌ನಲ್ಲಿ ಅದನ್ನು ಉಕ್ಕಿನದು ಮಾಡಿದ್ದಾರೆ.

ಸ್ಯಾವೇಜ್ 110 ಚೆಲುವೆಯಲ್ಲ, ಬೋಲ್ಟ್ ಎತ್ತಲು ಬಿಗಿ. ಆದರೆ ನಳಿಗೆಯನ್ನು ನಟ್ಟಿನಿಂದ ಬಿಗಿಯುವ ವ್ಯವಸ್ಥೆಯಿಂದ, ಚೇಂಬರಿನ ಅಳತೆ ನೋಡುವ ಗೇಜ್ ಇಟ್ಟುಕೊಂಡು ಮನೆಯಲ್ಲೇ ನಳಿಗೆ ಬದಲಿಸಬಹುದು. ಅದರ ಆಕ್ಯುಟ್ರಿಗರ್‌ನ ನಡುವಿನ ಅಲಗು ಒತ್ತದೆ ಸಿಯರ್ ಜಾರಿದರೆ ಪಿನ್ನು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಈಡಾಗುವುದಿಲ್ಲ. ವಾಕರ್ ಟ್ರಿಗರ್‌ಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ರೂಗರ್ ಅಮೆರಿಕನ್ ಕೊಟ್ಟ ದುಡ್ಡಿಗೆ ಮೋಸವಿಲ್ಲದ ಕೋವಿ. ಸ್ಟಾಕ್ ಮಾತ್ರ ಮೆದು, ಬೈಪಾಡ್ (ಮುಂದಿನ ಎರಡು ಕಾಲಿನ ಊರೆ) ಮೇಲೆ ಭಾರ ಹಾಕಿದರೆ ಬಾಗಿ ನಳಿಗೆಗೆ ತಾಗಿ ಗುರಿ ಸರಿಯುತ್ತದೆ.

"ಕೋವಿ ಸರಿಯಿಲ್ಲ" ಎಂದು ಅಂಗಡಿಗೆ ಮರಳುವವುಗಳಲ್ಲಿ ಬಹಳಷ್ಟಕ್ಕೆ ರೋಗ ಸ್ಕ್ರೂ. ಆಕ್ಷನನ್ನು ಸ್ಟಾಕಿಗೆ ಬಿಗಿಯುವ ಸ್ಕ್ರೂಗಳನ್ನು, ಸ್ಕ್ರೂ ಸುತ್ತ ಅಲ್ಯೂಮಿನಿಯಂ ಕೊಳವೆ (ಪಿಲ್ಲರ್) ಇರುವ ಸ್ಟಾಕಿಗೆ 65 ಇಂಚ್-ಪೌಂಡ್, ಬರೀ ಮರದ ಸ್ಟಾಕಿಗೆ 35ರಿಂದ 45, ಸ್ಕೋಪ್ ರಿಂಗಿನ ಸ್ಕ್ರೂಗಳನ್ನು 15ರಿಂದ 20ಕ್ಕೆ ಬಿಗಿಯುವುದು ರೂಢಿ; ಕಂಪನಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿದರೆ ಮರ ಅಮುಕಿ ಗುರಿ ತಿಂಗಳಿಗೊಮ್ಮೆ ಜಾಗ ಬದಲಿಸುತ್ತದೆ. ಎರಡನೆಯ ರೋಗ ಎಣ್ಣೆ. ಬೋಲ್ಟಿನೊಳಗೆ ಸುರಿದ ಎಣ್ಣೆ ಚಳಿಗೆ ಅಂಟಾಗಿ ಪಿನ್ನಿನ ಓಟ ತಗ್ಗಿಸುತ್ತದೆ, ತೋಟಾ ಹುಸಿ ಹೋಗುತ್ತದೆ. ಚಳಿಗಾಲಕ್ಕೆ ಮೊದಲು ಪಿನ್ನು ಬಿಚ್ಚಿ ಪೂರ್ತಿ ಒರೆಸಿ ಒಣಗಿಸಿಡಬೇಕು. ಟಿಕ್ಕಾದಲ್ಲಿ ಇದಕ್ಕೆ ಉಪಕರಣವೇ ಬೇಡ, ಹಿಂದಿನ ಮುಚ್ಚಳ ಕೈಯಲ್ಲೇ ತಿರುಗುತ್ತದೆ.

ಎಚ್-1ಬಿ ವೀಸಾದ ಮೇಲೆ ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಫೆಡರಲ್ ಕಾನೂನಿನ ಪ್ರಕಾರ ವಲಸೆಯೇತರ ವೀಸಾದವರು ಕೋವಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ಇದರಿಂದ ವಿನಾಯಿತಿ. ಲೈಸೆನ್ಸ್ ಅವಧಿ ಮುಗಿದ ದಿನವೇ ವಿನಾಯಿತಿಯೂ ಮುಗಿಯುತ್ತದೆ, ಮನೆಯ ಬೀರುವಿನಲ್ಲಿ ಕೋವಿ ಸುಮ್ಮನೆ ಕೂತಿದ್ದರೂ.

ಹಳೆಯ ಕೋವಿ ಕೊಳ್ಳುವಾಗ ಅಂಗಡಿಯಲ್ಲೇ ಮಾಡಬೇಕಾದ್ದು: ಚೇಂಬರ್, ಮ್ಯಾಗಜಿನ್ ಎರಡೂ ಖಾಲಿಯೆಂದು ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ. ಬೋಲ್ಟ್ ಮುಚ್ಚಿ ಸೇಫ್ಟಿ ಹಾಕಿ, ಟ್ರಿಗರನ್ನು ಗಟ್ಟಿಯಾಗಿ ಎಳೆದು ಬಿಡಿ. ಈಗ ಬೆರಳು ದೂರವಿಟ್ಟು ಸೇಫ್ಟಿ ತೆಗೆಯಿರಿ. ಆಮೇಲೆ ಹತ್ತು ಸಲ ಬೋಲ್ಟನ್ನು ಜೋರಾಗಿ ಬಡಿದು ಮುಚ್ಚಿ. ಕೊನೆಗೆ ಮುಚ್ಚಿದ ಬೋಲ್ಟಿನೊಂದಿಗೆ ಹಿಂಬದಿಯನ್ನು ರಬ್ಬರ್ ಚಾಪೆಯ ಮೇಲೆ ಎರಡು ಮೂರು ಸಲ ಕುಟ್ಟಿ. ಇಷ್ಟರಲ್ಲಿ ಒಮ್ಮೆ ಪಿನ್ನು ಬಿದ್ದು "ಟಕ್" ಎಂದರೂ ನಳಿಗೆ ಎಷ್ಟೇ ಹೊಳೆಯುತ್ತಿರಲಿ, ಬೆಲೆ ಎಷ್ಟೇ ಇಳಿಸಲಿ, ಕೋವಿಯನ್ನು ಮೇಜಿನ ಮೇಲೆಯೇ ಬಿಟ್ಟು ಬನ್ನಿ.