ಆರು ವರ್ಷದಿಂದ ಬ್ರಿಲ್‌ಕ್ರೀಮ್: ಕಡಲೆಕಾಳಿನಷ್ಟು ಸಾಕು

ನಾನು ತಲೆಗೆ ಬ್ರಿಲ್‌ಕ್ರೀಮ್ ಅನ್ನೋ ಕೂದಲಿನ ಕ್ರೀಮ್ ಹಚ್ಚೋಕೆ ಶುರು ಮಾಡಿದ್ದು ಒಂದು ಕೋಟಿನ ದೆಸೆಯಿಂದ. ಸೋದರಮಾವ ಬೀರು ಖಾಲಿ ಮಾಡುವಾಗ ತಮ್ಮ ಹಳೇ ಬಟ್ಟೆಗಳನ್ನು ನನಗೆ ಕೊಟ್ಟರು. ಬೂದು ಬಣ್ಣದ ಉಣ್ಣೆ ಕೋಟು, ಹೊಕ್ಕುಳ ಹತ್ತಿರ ಕೂರುವ ಎರಡು ಪ್ಲೀಟಿನ ಪ್ಯಾಂಟು, ಉದ್ದ ಕಾಲರಿನ ನಾಲ್ಕು ಟೆರಿಕಾಟ್ ಶರ್ಟು. ಟೈಲರ್ ಹತ್ತಿರ ಕೋಟಿನ ಸೊಂಟ ಸ್ವಲ್ಪ ಹಿಡಿಸಿದೆ, ತೋಳು ಅರ್ಧ ಇಂಚು ಇಳಿಸಿದೆ. ಬಟ್ಟೆ ಚೆನ್ನಾಗಿ ಕೂತಿತು. ತಲೆ ಮಾತ್ರ ಹೊಂದಲಿಲ್ಲ. ಆಗ ನಾನು ಜೆಲ್ ಹಾಕಿ ಕೂದಲು ನಿಲ್ಲಿಸುತ್ತಿದ್ದೆ. ಮಾವ ಒಂದು ಸಲ ನೋಡಿ, "ಈ ಕೋಟಿಗೆ ಬೈತಲೆ ಬೇಕು ಕಣೋ" ಅಂದರು.

ಅವತ್ತು ಸಂಜೆಯೇ ಕೆಂಪು ಡಬ್ಬಿ ತಂದೆ. ಆರು ವರ್ಷ ಆಯಿತು, ಬಿಟ್ಟಿಲ್ಲ. ನಾನು ಬರೆಯುತ್ತಿರುವುದು ಆ ಬಿಳಿ ಕ್ರೀಮಿನ ಬಗ್ಗೆ ಮಾತ್ರ, ಅದೇ ಹೆಸರಿನ ಜೆಲ್‌ಗಳ ಬಗ್ಗೆ ಅಲ್ಲ.

ಇದು 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಸಾಮಾನು. ಒಳಗೆ ಮುಖ್ಯವಾಗಿ ಇರುವುದು ನೀರು, ಮಿನರಲ್ ಆಯಿಲ್, ಜೇನುಮೇಣ. ಎಣ್ಣೆ ನೀರು ಎರಡೂ ಬೇರೆಯಾಗದ ಹಾಗೆ ಸೇರಿಸಿಟ್ಟಿರುತ್ತಾರೆ. ಅದಕ್ಕೇ ಬೆಣ್ಣೆಯ ಹಾಗೆ ಬೆಳ್ಳಗೆ ಕಾಣುತ್ತದೆ. ಅಂಗೈಯಲ್ಲಿ ತಿಕ್ಕಿದರೆ ಬಿಳುಪು ಹೋಗುತ್ತದೆ, ತಲೆಗೆ ಹಚ್ಚಿದ ಮೇಲೆ ನೀರು ನಿಧಾನವಾಗಿ ಆರುತ್ತದೆ, ಎಣ್ಣೆ ಕೂದಲಿನ ಮೇಲೆ ಉಳಿಯುತ್ತದೆ. ಆ ಹೊಳಪು ಬರುವುದು ಹಾಗೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯವರಿಗೆ 'ಬ್ರಿಲ್‌ಕ್ರೀಮ್ ಬಾಯ್ಸ್' ಅಂತಲೇ ಹೆಸರು ಬಿದ್ದಿತ್ತು. ಆಮೇಲೆ ಕ್ರಿಕೆಟಿಗ ಡೆನಿಸ್ ಕಾಂಪ್ಟನ್ ಇದರ ಜಾಹೀರಾತಿನ ಮುಖವಾದರು. ನಮ್ಮಲ್ಲಿ ಅದು ಫಾರೂಕ್ ಎಂಜಿನಿಯರ್. 1967ರ ಜನವರಿಯಲ್ಲಿ ಮದ್ರಾಸ್ ಟೆಸ್ಟ್‌ನ ಮೊದಲ ದಿನ, ವೆಸ್ಟ್ ಇಂಡೀಸ್ ಎದುರು ಊಟಕ್ಕೆ ಮೊದಲೇ 94 ರನ್ ಹೊಡೆದವರು. ಮಾವ ಈ ಕ್ರೀಮ್ ಕೊಂಡಿದ್ದೇ ಅವರಿಗೋಸ್ಕರ. ಈಗಲೂ ಆ 94ರ ವಿಷಯ ತೆಗೆದರೆ ಮಾವನ ಮುಖ ಅರಳುತ್ತದೆ.

ಈಗ ಹಚ್ಚುವ ವಿಷಯ. ಎಲ್ಲ ಇರುವುದು ಇಲ್ಲೇ. ಮೊದಮೊದಲು ನಾನು ನೆಲ್ಲಿಕಾಯಿ ಗಾತ್ರ ತೆಗೆದುಕೊಳ್ಳುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹಣೆ ಜಿಡ್ಡು, ದಿಂಬಿನ ಚೀಲ ಜಿಡ್ಡು. ಮಾವ ಒಂದು ಬೆಳಗ್ಗೆ ಪಕ್ಕದಲ್ಲಿ ನಿಂತು ತೋರಿಸಿಕೊಟ್ಟರು. ತಲೆ ಒರೆಸಿಕೊಂಡ ಮೇಲೂ ಕೂದಲಲ್ಲಿ ಒಂದಿಷ್ಟು ತೇವ ಇರಬೇಕು. ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ಕ್ರೀಮ್. ಬಿಳುಪು ಮಾಯವಾಗುವ ತನಕ ಅಂಗೈಯಲ್ಲಿ ತಿಕ್ಕಬೇಕು. ಮೊದಲು ಹಿಂದಲೆಗೆ, ಆಮೇಲೆ ಪಕ್ಕಕ್ಕೆ, ಕೈಯಲ್ಲಿ ಉಳಿದದ್ದು ಮಾತ್ರ ಮುಂಗೂದಲಿಗೆ. ನಾವೆಲ್ಲ ಮುಂದಿನಿಂದ ಶುರು ಮಾಡುತ್ತೇವೆ, ಅಲ್ವಾ? ಜಿಡ್ಡು ಹಣೆಗೆ ಇಳಿಯುವುದು ಅದಕ್ಕೇ. ಆಮೇಲೆ ಕೂದಲನ್ನೆಲ್ಲ ಹಿಂದಕ್ಕೆ ಬಾಚಿ, ನೆತ್ತಿಯ ಸುಳಿ ಯಾವ ಕಡೆ ತಿರುಗಿದೆ ನೋಡಿ, ಅದಕ್ಕೆ ಹೊಂದುವ ಕಡೆ ಬೈತಲೆ ತೆಗೆಯಬೇಕು. ಸುಳಿಗೆ ಎದುರಾಗಿ ಬಾಚಿದರೆ ಯಾವ ಕ್ರೀಮ್ ಹಾಕಿದರೂ ಕೂದಲು ಏಳುತ್ತದೆ. ನಾನು ವರ್ಷಗಟ್ಟಲೆ ಎಡಕ್ಕೆ ತೆಗೆಯುತ್ತಿದ್ದೆ. ನನ್ನದು ಬಲಕ್ಕೆ ಬೇಕಿತ್ತು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು, ಇದು ಗಟ್ಟಿಯಾಗುವುದಿಲ್ಲ. ದಿನಾ ಸ್ಕೂಟರಿನಲ್ಲಿ ಆಫೀಸಿಗೆ ಹೋಗುತ್ತೇನೆ, ಮುಕ್ಕಾಲು ಗಂಟೆ ಹೆಲ್ಮೆಟ್. ಜೆಲ್ ಆದರೆ ಒಣಗಿರುತ್ತದೆ, ಮತ್ತೆ ಬಾಚಿದರೆ ಹೊಟ್ಟಿನ ಹಾಗೆ ಉದುರುತ್ತದೆ. ಇದಕ್ಕೆ ಜೇಬಿನ ಬಾಚಣಿಗೆ, ಎರಡು ಹನಿ ನೀರು ಸಾಕು, ಬೆಳಗಿನ ಕ್ರಾಪು ವಾಪಸ್ ಬರುತ್ತದೆ. ಹಾಗಂತ ಗಾಳಿಗೆ ಅಲ್ಲಾಡದ ಹಾಗೆ ಹಿಡಿದು ನಿಲ್ಲಿಸುವ ಶಕ್ತಿ ಇದಕ್ಕಿಲ್ಲ. ಎತ್ತರದ ಪಫ್ ಬೇಕು ಅನ್ನುವವರಿಗೆ ಇದು ಅಲ್ಲ. ಕೂದಲು ತೀರಾ ತೆಳ್ಳಗಿದ್ದರೂ ಬೇಡ ಅನ್ನುತ್ತೇನೆ, ಎಳೆಗಳು ಒಂದಕ್ಕೊಂದು ಅಂಟಿ ನೆತ್ತಿ ಜಾಸ್ತಿ ಕಾಣುತ್ತದೆ. ಕಟಿಂಗೂ ಹೊಂದಬೇಕು. ಮೇಲೆ ನಾಲ್ಕು ಬೆರಳಿನಷ್ಟು ಉದ್ದ ಬಿಡಿಸಿ, ಪಕ್ಕದಲ್ಲಿ ಮೆಷಿನ್ ಬೇಡ, ಕತ್ತರಿಯಲ್ಲೇ ಇಳಿಸಿ ಅಂತ ಹೇಳಿ.

ಎಣ್ಣೆ ಅಂದಮೇಲೆ ಬಟ್ಟೆಯ ಚಿಂತೆ ಇದ್ದದ್ದೇ. ಹಿಂದೆ ಇಂಗ್ಲೆಂಡಿನಲ್ಲಿ ತಲೆಗೆ ಮಕಾಸರ್ ಅನ್ನುವ ಎಣ್ಣೆ ಹಚ್ಚುವ ಗಂಡಸರಿಂದ ಕುರ್ಚಿ ಹಾಳಾಗುತ್ತದೆ ಅಂತ ಒರಗುವ ಜಾಗಕ್ಕೆ ಒಂದು ಬಟ್ಟೆ ಹೊದಿಸುತ್ತಿದ್ದರು. ಅದಕ್ಕೆ 'ಆಂಟಿಮಕಾಸರ್' ಅಂತಲೇ ಹೆಸರು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಸಾಹೇಬರ ಕುರ್ಚಿಗೆ ಹೊದಿಸಿದ ಬಿಳಿ ಟವೆಲ್ ನೋಡಿದಾಗೆಲ್ಲ ನನಗೆ ಅದು ನೆನಪಾಗುತ್ತದೆ. ಕೋಟಿಗೆ ನಾನು ಮಾಡುವುದು ಮಾವನ ಉಪಾಯವನ್ನೇ: ಬಾಚುವಾಗ ಕಾಲರಿಗೆ ಹಿಂದಿನಿಂದ ಕರ್ಚೀಫು ಸಿಕ್ಕಿಸುವುದು. ಮೊದಲು ತಲೆ, ಕೈ ತೊಳೆದು ಆಮೇಲೆ ಕೋಟು. ಆರು ವರ್ಷದಲ್ಲಿ ಆ ಬೂದು ಕಾಲರಿನ ಮೇಲೆ ಒಂದು ಕಲೆ ಬಿದ್ದಿಲ್ಲ. ಇನ್ನು ತಲೆಯಿಂದ ತೆಗೆಯುವುದು. ಶಾಂಪೂ ಎರಡು ಸಲ ಹಾಕಬೇಕಾಗುತ್ತದೆ. ಭಾನುವಾರ ನಾನು ಸೀಗೆಪುಡಿ ಹಾಕುತ್ತೇನೆ, ಒಂದೇ ಸಲಕ್ಕೆ ಹೋಗುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಒಮ್ಮೆ ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ ಡಬ್ಬಿ ತೆಗೆದರೆ ಹಾಲು ಒಡೆದ ಹಾಗಿತ್ತು, ಮೇಲೆ ಎಣ್ಣೆ ತೇಲುತ್ತಿತ್ತು. ಎಲ್ಲೋ ಬಿಸಿಲಲ್ಲಿ ಬಿದ್ದಿದ್ದ ಹಳೇ ಮಾಲು. ದುಡ್ಡು ವಾಪಸ್ ಕೊಡಲಿಲ್ಲ. ಅಂದಿನಿಂದ ಮನೆ ಹತ್ತಿರದ ಅಂಗಡಿಯಲ್ಲೇ ತಾರೀಖು ನೋಡಿ ತರುತ್ತೇನೆ.

ಕಡಲೆಕಾಳಿನ ಲೆಕ್ಕದಲ್ಲಿ ಚಿಕ್ಕ ಡಬ್ಬಿ ನನಗೆ ಮೂರು ತಿಂಗಳು ಬರುತ್ತದೆ. ಖಾಲಿ ಡಬ್ಬಿಗಳನ್ನು ಎಸೆಯುವುದಿಲ್ಲ. ಮಾವನ ನಾಲ್ಕು ಶರ್ಟುಗಳಲ್ಲಿ ಒಂದು ಕಂಕುಳಲ್ಲಿ ಹರಿದುಹೋಯಿತು. ಅದರ ಗುಂಡಿ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಉಳಿದ ಮೂರಕ್ಕೆ ಬೇಕಾಗುತ್ತವೆ.