ಓ ಮಾಞುಮ್ ಮಿಸ್ತೇರಿಉಮ್: ವಿಕ್ಟೋರಿಯಾ ಹಾಡೋಣವೇ, ಬರ್ಡ್ ಹಾಡೋಣವೇ?

ಗೋದಲಿಯಲ್ಲಿ ಮಲಗಿದ ಪ್ರಭುವನ್ನು ದನಕರುಗಳು ಕಂಡವಲ್ಲ, ಎಂಥ ರಹಸ್ಯ! ಕ್ರಿಸ್ಮಸ್ ಮ್ಯಾಟಿನ್ಸ್‌ನ (ಚರ್ಚಿನ ರಾತ್ರಿ ಪ್ರಾರ್ಥನೆಯ) ಈ ಲ್ಯಾಟಿನ್ ಸಾಲುಗಳಿಗೆ ಸ್ಪೇನಿನ ಸಂಗೀತ ರಚನೆಕಾರ ವಿಕ್ಟೋರಿಯಾ ಮಾಡಿದ ಮೋಟೆಟ್ (ಹಲವು ಧ್ವನಿಗಳ ಭಕ್ತಿಗೀತೆ) 1572ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ವಿಲಿಯಂ ಬರ್ಡ್‌ನದು 1607ರಲ್ಲಿ. ಎರಡೂ ನಾಲ್ಕು ಧ್ವನಿಯವು: ಮೇಲಿನಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್. ನಮ್ಮ ಗಾಯನವೃಂದದ 12 ಜನ, ಆರ್ಗನ್ ಇಲ್ಲದೆ ಹಾಡಿ ನೋಡಿದಾಗ ಕಂಡದ್ದು ಇಲ್ಲಿದೆ.

ವಿಕ್ಟೋರಿಯಾ ಕೇಳಲು ಸರಳ, ಆದರೆ ಮೊದಲ ಮೂರು ಸ್ವರದಲ್ಲೇ ಪರೀಕ್ಷೆ. ಸೊಪ್ರಾನೊ ಪ–ಸ–ಪ ಎಂದು ಇಳಿದು ಹತ್ತಿ, ಕರ್ನಾಟಕ ಪದ್ಧತಿಯ ಶುದ್ಧ ಧೈವತ (ಪಂಚಮಕ್ಕಿಂತ ಅರ್ಧ ಸ್ವರ ಮೇಲಿನದು) ಮುಟ್ಟಿ ಪಂಚಮಕ್ಕೆ ಮರಳುತ್ತದೆ. ಹತ್ತುವಾಗ ಪಂಚಮ ಕೂದಲೆಳೆಯಷ್ಟು ತಗ್ಗಿದರೂ ಆಲ್ಟೊ ಅದನ್ನೇ ಹಿಡಿಯುತ್ತದೆ. ಟೆನರ್, ಬಾಸ್ ಸೇರುವ ಹೊತ್ತಿಗೆ ಇಡೀ ಶ್ರುತಿ ಕೆಳಗೆ ಕುಸಿದಿರುತ್ತದೆ. ತಂಬೂರಿಯನ್ನು ಆ ಷಡ್ಜಕ್ಕೆ ಇಟ್ಟು, ಮಾತಿಲ್ಲದೆ ‘ಊ’ಕಾರದಲ್ಲಿ ಈ ಸಾಲನ್ನು ಹತ್ತು ಸಲ ಹಾಡಿಸಿ. ಇಷ್ಟು ಫಲ ಕೊಟ್ಟ ಅಭ್ಯಾಸ ಬೇರೊಂದಿಲ್ಲ.

‘ಓ ಬೆಆತಾ ವಿರ್ಗೊ’ (ಓ ಧನ್ಯ ಕನ್ಯೆಯೇ) ಬಂದಾಗ ನಾಲ್ಕೂ ಧ್ವನಿ ಒಟ್ಟಿಗೆ ಉಚ್ಚರಿಸುತ್ತವೆ. ಅಲ್ಲಿ ದನಿ ಏರಿಸುವ ಆಸೆ ಎಲ್ಲರಿಗೂ, ತಡೆಯಿರಿ. ಅದಕ್ಕೂ ಮೊದಲಿನ ಮೌನವನ್ನು ಪೂರ್ತಿ ಬಿಟ್ಟು, ಮೆಲ್ಲಗೆ ಹಿಡಿದರೆ ಮೈ ಜುಮ್ಮೆನ್ನುತ್ತದೆ. ಕೊನೆಯ ಭಾಗವಾದ ಅಲ್ಲೆಲೂಯಾದಲ್ಲಿ ಲಯ ಮೂರೆಣಿಕೆಗೆ ತಿರುಗುತ್ತದೆ. ಹಿಂದಿನ ಎರಡೆಣಿಕೆಯ ಕಾಲದಲ್ಲೇ ಮೂರನ್ನು ಕೂರಿಸಿದರೆ ಹದ. ಓಡಿದರೆ, ಕೊನೆಗೆ ಮತ್ತೆ ಎರಡೆಣಿಕೆಗೆ ಮರಳುವಾಗ ಬರುವ ಚುರುಕು ಸ್ವರಗಳು ಕಲಸಿಹೋಗುತ್ತವೆ.

ಬರ್ಡ್‌ನಲ್ಲಿ ಶ್ರುತಿಗಿಂತ ಎಣಿಕೆಯೇ ಕಷ್ಟ. ಧ್ವನಿಗಳು ಒಂದರ ಬೆನ್ನಿಗೊಂದು ಒತ್ತೊತ್ತಾಗಿ ಬರುತ್ತವೆ, ಮಾತಿನ ಒತ್ತು ಬಾರ್ ಗೆರೆಗೆ (ಸ್ವರಲಿಪಿಯಲ್ಲಿ ಎಣಿಕೆಯನ್ನು ಭಾಗ ಮಾಡುವ ಗೆರೆ) ಹೊಂದುವುದೇ ಇಲ್ಲ. ಗೆರೆ ನಂಬಿದವರು ಎಡವುತ್ತಾರೆ. ಪ್ರತಿ ಧ್ವನಿಯವರೂ ತಮ್ಮ ಸಾಲನ್ನು ಮೊದಲು ಮಾತಾಗಿ ಓದಿ, ಒತ್ತು ಬೀಳುವ ಅಕ್ಷರಕ್ಕೆ ಪೆನ್ಸಿಲ್ ಗುರುತು ಹಾಕಬೇಕು. ಕೊನೆಗೆ ಅಲ್ಲೆಲೂಯಾದ ಸಂಭ್ರಮವೂ ಇಲ್ಲ; ‘ಬೆಆತಾ ವಿರ್ಗೊ’, ‘ಆವೆ ಮರಿಯ’ ಎಂದು ಒಳಮುಖವಾಗಿಯೇ ಉಳಿಯುತ್ತದೆ. ಕ್ಯಾಥೊಲಿಕ್ ಪೂಜೆ ನಿಷಿದ್ಧವಾಗಿದ್ದ ಇಂಗ್ಲೆಂಡಿನಲ್ಲಿ ಪೀಟರ್ ಮನೆತನದಂಥ ಕ್ಯಾಥೊಲಿಕ್ ಶ್ರೀಮಂತರು ಅದನ್ನು ಮನೆಯೊಳಗೆ ನಡೆಸುತ್ತಿದ್ದರು. ಈ ಸಂಗೀತದ ಅಳತೆಯೂ ಆ ಕೋಣೆಯದೇ.

ಇದೇ ಸಾಲುಗಳಿಗೆ ಇಟಲಿಯ ಪಾಲೆಸ್ಟ್ರೀನಾ 1569ರಲ್ಲಿ ತಂದ ಮೋಟೆಟ್ ಆರು ಧ್ವನಿಯದು. ನಮ್ಮ ಲೆಕ್ಕದಲ್ಲಿ ಧ್ವನಿಗೆ ಇಬ್ಬರು, ಒಬ್ಬರು ಗೈರಾದರೆ ಪದರವೇ ತೆಳು. 20 ಜನ ಇಲ್ಲದೆ ಕೈಹಾಕಬೇಡಿ.

ಉಚ್ಚಾರಣೆ: ವಿಕ್ಟೋರಿಯಾಗೆ ರೋಮನ್ ಬಗೆಯ ‘ಮಾಞುಮ್’ (magnum), ‘ಯಾಚೆಂತೆಮ್’ (jacentem) ಚೆನ್ನ. ‘ತ’ ನಮ್ಮ ದಂತ್ಯವೇ, ‘ಟ’ ಅಲ್ಲ.

ಅಭ್ಯಾಸಕ್ಕೆ ನಾಲ್ಕೇ ಸಂಜೆ ಇದ್ದು, ಚರ್ಚು ದೊಡ್ಡದಾಗಿದ್ದರೆ ವಿಕ್ಟೋರಿಯಾ ತೆಗೆದುಕೊಳ್ಳಿ. ಟೆನರ್ ಒಬ್ಬರೇ ಇದ್ದು ಜಾಗ ಚಿಕ್ಕದಾದರೆ, ಧ್ವನಿಗೊಬ್ಬರಂತೆ ನಿಂತು ಬರ್ಡ್ ಹಾಡಿ.