ಹಿಮ ಕರಗಿದ ಕೂಡಲೇ ಬಾಗಿಲು ತಟ್ಟುವ ಲಾನ್ ಕಂಪನಿಯವರ ಬಗ್ಗೆ ಹುಷಾರಾಗಿರಿ

ನ್ಯೂಜೆರ್ಸಿ ಕಡೆ ಹೊಸದಾಗಿ ಮನೆ ತಗೊಂಡಿರುವ ನಮ್ಮವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾರ್ಚ್ ಕೊನೆ, ಏಪ್ರಿಲ್ ಶುರುವಿನಲ್ಲಿ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಲಾನ್ ಕಂಪನಿಯವರು ಮನೆಮನೆಗೆ ಬರುತ್ತಾರೆ. ಬಾಗಿಲಲ್ಲಿ ನಿಂತುಕೊಂಡು ಯಾವುದಕ್ಕೂ ಸಹಿ ಹಾಕಬೇಡಿ. ಮತ್ತೆ ಹೇಳುತ್ತಿದ್ದೇನೆ, ಸಹಿ ಹಾಕಬೇಡಿ.

ಈ ಸಲ ನಮ್ಮಲ್ಲಿ ಹಿಮ ತುಂಬಾ ದಿನ ಕೂತಿತ್ತು. ಕರಗಿದ ಮೇಲೆ ನೋಡಿದರೆ ಮನೆ ಮುಂದಿನ ಹುಲ್ಲಿನಲ್ಲಿ ಅಲ್ಲಲ್ಲಿ ಊಟದ ತಟ್ಟೆಯಷ್ಟು ಅಗಲದ ಬೂದು ಕಲೆಗಳು. ಹುಲ್ಲೆಲ್ಲ ಒದ್ದೆಯಾಗಿ ನೆಲಕ್ಕೆ ಅಂಟಿಕೊಂಡಿತ್ತು, ಮೇಲೆ ಜೇಡರ ಬಲೆಯಂಥ ಬಿಳಿ ಎಳೆ. ಮೊದಲ ಸಲ ನೋಡಿದವರಿಗೆ ಗಾಬರಿ ಆಗದೇ ಇರುತ್ತಾ?

ಯುಗಾದಿಗೆ ಮುಂಚಿನ ಶನಿವಾರ ಬೆಲ್ ಆಯಿತು. ಕಂಪನಿ ಹೆಸರಿನ ಜಾಕೆಟ್ ಹಾಕಿಕೊಂಡ ಹುಡುಗ, ತುಂಬಾ ವಿನಯ. "ನಿಮ್ಮ ಪಕ್ಕದ ಮನೆಯವರು ನಮ್ಮ ಕಸ್ಟಮರ್. ಇವತ್ತು ಹೇಗೂ ನಿಮ್ಮ ಬೀದಿಯಲ್ಲೇ ಇದ್ದೇವೆ, ಅದಕ್ಕೇ ಈ ರೇಟು" ಎಂದ. ನಾನು ಬಾಯಿ ತೆರೆಯುವ ಮೊದಲೇ ಹುಲ್ಲಿನ ಮೇಲೆ ಮಂಡಿಯೂರಿ ಕೂತು ಒಂದು ಹಿಡಿ ಕಿತ್ತು ತೋರಿಸಿದ. "ಇದು ಫಂಗಸ್ ಸರ್. ಈಗ ಔಷಧಿ ಹೊಡೆಯದಿದ್ದರೆ ಮೇ ತಿಂಗಳಿಗೆ ಇಡೀ ಲಾನ್ ಹೋಗುತ್ತೆ, ಅಕ್ಕಪಕ್ಕಕ್ಕೂ ಹರಡುತ್ತೆ." ಫಂಗಸ್ ಔಷಧಿ, ಮಷಿನ್ನಿನಲ್ಲಿ ಹುಲ್ಲು ಕೆರೆಯುವುದು, ಹೊಸ ಬೀಜ, ಗೊಬ್ಬರ, ಕಳೆ ಬರದ ಹಾಗೆ ಔಷಧಿ, ಎಲ್ಲ ಸೇರಿಸಿ 640 ಡಾಲರ್. ಇವತ್ತು ಒಪ್ಪಿಕೊಂಡರೆ ಮಾತ್ರ ಅಂತೆ. ಟ್ಯಾಬ್ಲೆಟ್ ಮೇಲೆ ಬೆರಳಲ್ಲಿ ಸಹಿ, ಕಾರ್ಡ್ ನಂಬರ್, ಮುಗೀತು.

ಗುರುವಾರ ನಾವಿಬ್ಬರೂ ಆಫೀಸಿನಲ್ಲಿದ್ದಾಗ ಬಂದು ಕೆಲಸ ಮುಗಿಸಿ ಹೋಗಿದ್ದರು. ನೆಲ ಇನ್ನೂ ಕೆಸರಾಗಿತ್ತು. ಆ ಕೆಸರಿನ ಮೇಲೆ ಮಷಿನ್ ಓಡಿಸಿದ್ದಾರೆ! ಚೆನ್ನಾಗಿದ್ದ ಹುಲ್ಲೂ ಬುಡಸಮೇತ ಕಿತ್ತು ಬಂದು ಡ್ರೈವ್‌ವೇ ಪಕ್ಕ ಬಿದ್ದಿತ್ತು. ಸಂಜೆ ಕೇಳಿದರೆ, "ಹೀಗೇ ಇರುತ್ತೆ ಸರ್, ಹೊಸ ಹುಲ್ಲು ಬಂದಾಗ ನೋಡಿ" ಎಂದರು.

ಹೊಸ ಹುಲ್ಲು ಬರಲೇ ಇಲ್ಲ. ಏಪ್ರಿಲ್ ಪೂರ್ತಿ ಬೆಳಿಗ್ಗೆ ಸಂಜೆ ನೀರು ಹಾಕಿದೆವು. ಹಾಸನದಿಂದ ಬಂದಿದ್ದ ನಮ್ಮ ಮಾವನವರು ದಿನಾ ಬಗ್ಗಿ ಬಗ್ಗಿ ನೋಡುತ್ತಿದ್ದರು. ಬೀಜ ಬಿದ್ದಲ್ಲೇ ಬಿದ್ದಿತ್ತು. ಅಲ್ಲೊಂದು ಇಲ್ಲೊಂದು ಮೊಳಕೆ ಬಂದರೂ ಕೈ ತಾಗಿಸಿದರೆ ಎದ್ದು ಬರುತ್ತಿತ್ತು, ಬೇರೇ ಇಳಿದಿರಲಿಲ್ಲ.

ಆಗ ಕಂಪನಿಯವರು ಬಾಗಿಲ ಹಿಡಿಗೆ ಸಿಕ್ಕಿಸಿ ಹೋಗಿದ್ದ ಚೀಟಿಯನ್ನು ಅಡುಗೆಮನೆ ಟೇಬಲ್ ಮೇಲೆ ಹರಡಿಕೊಂಡು ಕೂತೆ. ಒಂದು ಸಾಲು: ಟಾಲ್ ಫೆಸ್ಕ್ಯೂ ಬೀಜ, ಅಂದರೆ ಒಂದು ಜಾತಿಯ ಲಾನ್ ಹುಲ್ಲಿನ ಬೀಜ. ಅದರ ಕೆಳಗೇ ಇನ್ನೊಂದು ಸಾಲು: ಪ್ರೋಡಯಾಮೀನ್. ಇದೇನಪ್ಪ ಎಂದು ಫೋನಿನಲ್ಲಿ ಹುಡುಕಿ ಲೇಬಲ್ ಓದಿದೆ. ಓದ್ತಾ ಓದ್ತಾ ಮೈ ಉರಿದು ಹೋಯಿತು. ಅದು ಕ್ರ್ಯಾಬ್‌ಗ್ರಾಸ್ ಕಳೆ ಬರದಂತೆ ಮಣ್ಣಿನ ಮೇಲ್ಪದರಕ್ಕೆ ಹಾಕುವ ಔಷಧಿ. ಮೊಳಕೆಯ ಬೇರು ಇಳಿಯದ ಹಾಗೆ ತಡೆಯುವುದೇ ಅದರ ಕೆಲಸ. ಕಳೆಯ ಬೀಜ ಯಾವುದು, ನಾವು ದುಡ್ಡು ಕೊಟ್ಟು ಹಾಕಿಸಿದ ಬೀಜ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ. ಹಾಕಿದ ಮೇಲೆ ಹೊಸ ಬೀಜಕ್ಕೆ ತಿಂಗಳುಗಟ್ಟಲೆ ಕಾಯಬೇಕು ಅಂತ ಲೇಬಲ್ಲಿನಲ್ಲೇ ಇದೆ. ಬೀಜದ ಜೊತೆ ಹಾಕಬಹುದಾದ ಮೆಸೋಟ್ರಿಯೋನ್ ಅಂಥ ಕಳೆ ಔಷಧಿಯೂ ಇದೆ. ಇವರು ಹಾಕಿದ್ದು ಅದಲ್ಲ.

ಬೀಜವನ್ನೂ ಹಾಕಿದ್ದಾರೆ, ಅದೇ ದಿನ ಬೀಜ ಹುಟ್ಟದ ಔಷಧಿಯನ್ನೂ ಹಾಕಿದ್ದಾರೆ. ಎರಡಕ್ಕೂ ನನ್ನ ಹತ್ತಿರ ದುಡ್ಡು ತಗೊಂಡಿದ್ದಾರೆ. ಮಾವನವರಿಗೆ ಹೇಳಿದರೆ ಅವರು ನಂಬಲೇ ಇಲ್ಲ. "ಇದ್ಯಾವ ಸೀಮೆ ಬೇಸಾಯ!" ಎಂದರು. ಜೀವಮಾನವೆಲ್ಲ ತೋಟ ಮಾಡಿದವರ ಮುಂದೆ ತಲೆ ತಗ್ಗಿಸುವ ಹಾಗಾಯಿತು. ಸ್ನೇಹಿತರಿಗೂ ಇಲ್ಲಿಯವರೆಗೆ ಹೇಳಿರಲಿಲ್ಲ.

ಇನ್ನು ಕಂಪನಿಯವರ ಉತ್ತರಗಳು. ಮೊದಲು ಫೋನ್ ಮಾಡಿದಾಗ, "ಮಣ್ಣು ಇನ್ನೂ ತಣ್ಣಗಿದೆ, ಸ್ವಲ್ಪ ತಾಳ್ಮೆ ಇರಲಿ." ಆಮೇಲೆ, "ನೀವು ನೀರು ಸರಿಯಾಗಿ ಹಾಕಿಲ್ಲ ಅನ್ಸುತ್ತೆ." ಚೀಟಿಯ ಎರಡೂ ಸಾಲು ಫೋಟೋ ತೆಗೆದು ಕಳಿಸಿದೆ. "ನಮ್ಮ ಟೆಕ್ನಿಷಿಯನ್‌ಗಳಿಗೆ ಎಲ್ಲ ಗೊತ್ತಿರುತ್ತೆ ಸರ್, ಅದು ನಮ್ಮ ಸ್ಪ್ರಿಂಗ್ ಪ್ಯಾಕೇಜು." ಪ್ರಶ್ನೆ ಏನು, ಉತ್ತರ ಏನು? ಸೂಪರ್‌ವೈಸರ್ ಕೊಡಿ ಎಂದೆ. ಅವರು ಹೇಳಿದ್ದು ಕೇಳಿ: "ಸೆಪ್ಟೆಂಬರಿನಲ್ಲಿ ಮತ್ತೆ ಬೀಜ ಹಾಕಿಸಿಕೊಳ್ಳಿ, 15 ಪರ್ಸೆಂಟ್ ಡಿಸ್ಕೌಂಟ್ ಕೊಡುತ್ತೇವೆ." ಅವರು ಹಾಳು ಮಾಡಿದ್ದನ್ನು ಸರಿ ಮಾಡೋಕೆ ಮತ್ತೆ ನಾನೇ ದುಡ್ಡು ಕೊಡಬೇಕು!

ನ್ಯೂಜೆರ್ಸಿಯಲ್ಲಿ 2011ರ ಗೊಬ್ಬರದ ಕಾನೂನಿನ ಪ್ರಕಾರ, ದುಡ್ಡು ತಗೊಂಡು ಗೊಬ್ಬರ ಹಾಕುವವರಿಗೆ ಸರ್ಟಿಫಿಕೇಟ್ ಇರಬೇಕು, ಇಲ್ಲವೇ ಸರ್ಟಿಫಿಕೇಟ್ ಇದ್ದವರ ಕೈಕೆಳಗೆ ಕೆಲಸ ಮಾಡಬೇಕು. ಅದರ ನಂಬರ್ ಕೊಡಿ ಎಂದು ಬರೆದು ಕೇಳಿದೆ. ಆ ಒಂದು ಪ್ರಶ್ನೆಗೆ ಮಾತ್ರ ಇವತ್ತಿಗೂ ಉತ್ತರ ಇಲ್ಲ.

ಪಕ್ಕದ ಮನೆಯವರನ್ನು ಕೇಳಿದೆ. ಅವರು ಈ ಕಂಪನಿಯ ಹೆಸರೇ ಕೇಳಿಲ್ಲ. ಅವರ ಬಾಗಿಲಲ್ಲಿ ನನ್ನ ಹೆಸರು ಹೇಳಿದ್ದರೋ ಏನೋ.

ಆ ಬೂದು ಕಲೆ ಏನು ಗೊತ್ತಾ? ಗ್ರೇ ಸ್ನೋ ಮೋಲ್ಡ್ ಅನ್ನುವ ಫಂಗಸ್. ಹಿಮದ ಕೆಳಗೆ ಜಾಸ್ತಿ ದಿನ ಮುಚ್ಚಿಕೊಂಡಿದ್ದ ಹುಲ್ಲಿಗೆ ಬರುತ್ತೆ. ಬೇಸಾಯ, ತೋಟದ ಬಗ್ಗೆ ಜನರಿಗೆ ಸಲಹೆ ಕೊಡುವ ರಟ್ಗರ್ಸ್ ಯೂನಿವರ್ಸಿಟಿಯ ಎಕ್ಸ್‌ಟೆನ್ಷನ್ ಆಫೀಸ್ ಪ್ರತಿ ಕೌಂಟಿಯಲ್ಲೂ ಇದೆ, ಅಲ್ಲಿಗೆ ಫೋಟೋ ಕಳಿಸಿದೆ. ನೆಲ ಒಣಗಿದ ಮೇಲೆ ಕೈ ರೇಕಿನಿಂದ ಹಗುರವಾಗಿ ಕೆದಕಿ ಗಾಳಿ ಆಡಲು ಬಿಟ್ಟರೆ ಸಾಕು, ಬುಡ ಸತ್ತಿರುವುದಿಲ್ಲ, ತಾನೇ ಚಿಗುರುತ್ತೆ ಎಂದರು. ಹಿಮ ಕರಗಿದ ಮೇಲೆ ಅದಕ್ಕೆ ಔಷಧಿ ಹೊಡೆದು ಪ್ರಯೋಜನವೇ ಇಲ್ಲವಂತೆ. ಹೊಡೆಯುವುದಿದ್ದರೆ ಹಿಮ ಬೀಳುವ ಮೊದಲೇ. ಅಂದರೆ ಆ ಹುಡುಗ ಮಂಡಿಯೂರಿ ನನ್ನನ್ನು ಹೆದರಿಸಿದ್ದು ಒಂದು ರೇಕಿನಲ್ಲಿ ಹೋಗುವ ಕಲೆಗೆ. ಇದು ನೆನಪಾದರೆ ಈಗಲೂ ಸಿಟ್ಟು ತಡೆಯೋಕಾಗಲ್ಲ.

ನೀವು ಮಾಡಬೇಕಾದದ್ದು ಜಾಸ್ತಿ ಏನಿಲ್ಲ. ನಡೆದರೆ ಹೆಜ್ಜೆ ಗುರುತು ಬೀಳುವಷ್ಟು ಒದ್ದೆ ಇದ್ದಾಗ ಹುಲ್ಲಿನ ಮೇಲೆ ಯಾರಿಗೂ ಮಷಿನ್ ಓಡಿಸಲು ಬಿಡಬೇಡಿ. ಕ್ರ್ಯಾಬ್‌ಗ್ರಾಸ್ ಔಷಧಿ ಹಾಕುವುದಾದರೆ ಬೀದಿಯಲ್ಲಿ ಫಾರ್ಸಿಥಿಯಾ ಗಿಡದ ಹಳದಿ ಹೂ ಅರಳುವುದನ್ನು ನೋಡಿಕೊಂಡು ಹಾಕಿ. ಮಣ್ಣು 55 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಕೆಲವು ದಿನ ಹಾಗೇ ನಿಂತರೆ ಆ ಕಳೆ ಮೊಳೆಯಲು ಶುರು. ಬೀಜವನ್ನು ಸೆಪ್ಟೆಂಬರಿಗೆ ಇಟ್ಟುಕೊಳ್ಳಿ. ಗೊಬ್ಬರಕ್ಕೆ ಮುಂಚೆ ರಟ್ಗರ್ಸ್ ಲ್ಯಾಬಿಗೆ ಮಣ್ಣು ಕಳಿಸಿ ಪರೀಕ್ಷೆ ಮಾಡಿಸಿ, ಈ 640 ಡಾಲರ್ ಮುಂದೆ ಅದರ ಖರ್ಚು ಏನೂ ಅಲ್ಲ.

ಇನ್ನೊಂದು ವಿಷಯ ಯಾರೂ ನಿಮಗೆ ಹೇಳಲ್ಲ. ಮನೆ ಬಾಗಿಲಿಗೆ ಬಂದು 25 ಡಾಲರ್ ಅಥವಾ ಅದಕ್ಕಿಂತ ಜಾಸ್ತಿಯದ್ದು ಮಾರಿದರೆ ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮದ ಪ್ರಕಾರ 3 ಕೆಲಸದ ದಿನಗಳ ಒಳಗೆ ಕ್ಯಾನ್ಸಲ್ ಮಾಡಬಹುದು. ಶನಿವಾರವೂ ಲೆಕ್ಕಕ್ಕೆ ಬರುತ್ತೆ, ಭಾನುವಾರ ಬರಲ್ಲ. ಅದನ್ನು ಮಾರುವವರೇ ಬಾಯಿಬಿಟ್ಟು ಹೇಳಬೇಕು, ಕ್ಯಾನ್ಸಲ್ ಫಾರಂನ ಎರಡು ಪ್ರತಿ ಕೊಡಬೇಕು. ನಮಗೆ ಹೇಳಲೂ ಇಲ್ಲ, ಫಾರಂ ಕೊಡಲೂ ಇಲ್ಲ. ಶನಿವಾರ ಸಹಿ ಆಯಿತು, ಬುಧವಾರ ಮಧ್ಯರಾತ್ರಿಗೆ ಗಡುವು, ಗುರುವಾರ ಬೆಳಿಗ್ಗೆ ಬಂದು ಕೆಲಸ ಮಾಡಿದರು. ಇದು ಆಕಸ್ಮಿಕ ಅಂತ ನನಗಂತೂ ಅನ್ನಿಸಲ್ಲ.

ಫಾರಂ ಕೊಟ್ಟಿಲ್ಲ ಅನ್ನುವುದನ್ನೇ ಮುಂದಿಟ್ಟು ಕ್ರೆಡಿಟ್ ಕಾರ್ಡ್ ಕಂಪನಿಗೆ ದೂರು ಕೊಟ್ಟಿದ್ದೇನೆ, ಚೀಟಿ ಮತ್ತು ಫೋಟೋ ಸಮೇತ. ವಿಚಾರಣೆ ನಡೀತಾ ಇದೆ. ಅಷ್ಟರಲ್ಲಿ ಜೂನ್ ತಿಂಗಳ "ಎರಡನೇ ಟ್ರೀಟ್‌ಮೆಂಟ್" ಎಂದು ಅವರಿಂದ ಮೆಸೇಜ್ ಬಂದಿದೆ. ಕಾಂಟ್ರಾಕ್ಟಿನ ಕೊನೆಯ ಪುಟದಲ್ಲಿ, ಬರೆದು ನಿಲ್ಲಿಸುವ ತನಕ ಪ್ರತಿ ವರ್ಷ ತಾನೇ ಮುಂದುವರಿಯುತ್ತೆ ಅಂತ ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ಈಗಾಗಲೇ ಇಂಥವರ ಹತ್ತಿರ ಸಹಿ ಹಾಕಿದವರಿದ್ದರೆ ಇವತ್ತೇ ಆ ಪುಟ ತೆಗೆದು ನೋಡಿ. ನಿಲ್ಲಿಸುವ ಪತ್ರವನ್ನು, ಕಳಿಸಿದ್ದಕ್ಕೆ ದಾಖಲೆ ಸಿಗುವ ಸರ್ಟಿಫೈಡ್ ಮೇಲ್‌ನಲ್ಲೇ ಕಳಿಸಿ. ಫೋನಿನಲ್ಲಿ ಹೇಳಿದ್ದಕ್ಕೆ ಅವರ ಹತ್ತಿರ ದಾಖಲೆಯೇ ಇರುವುದಿಲ್ಲ.